ಒದ್ದೆ ಬಟ್ಟೆಯ ಕೆಳಗಿನ ತಂತಿ

ಆಂಜಿಯೋಪ್ಲಾಸ್ಟಿ ಕೋಣೆಯಲ್ಲಿ ನರ್ಸಮ್ಮನ ಕೆಲಸ ಹೇಳುವುದಕ್ಕೆ ಸುಲಭ: ಡಾಕ್ಟರ್ ಕೇಳಿದ್ದನ್ನು ಕೊಡುವುದು, ಹಿಡಿ ಎಂದದ್ದನ್ನು ಬಿಡದೆ ಹಿಡಿಯುವುದು. ಆ ಬೆಳಿಗ್ಗೆ ಮೇಜಿನ ಮೇಲೆ ಮಲಗಿದ್ದವರು ಒಬ್ಬ ಬಸ್ ಡ್ರೈವರ್. ಹೃದಯದ ದೊಡ್ಡ ರಕ್ತನಾಳ ಕವಲೊಡೆಯುವ ಕಡೆಯೇ ಅವರಿಗೆ ಕೊಬ್ಬು ಕಟ್ಟಿತ್ತು. ಎಚ್ಚರವಾಗಿಯೇ ಇದ್ದರು, ಬಾಯಿಗೆ ಬಿಡುವಿರಲಿಲ್ಲ.

“ಕವಲಲ್ಲೇ ಯಾಕೆ ಸಾರ್ ಕಟ್ಕೊಳ್ಳೋದು?”

“ಅಲ್ಲಿ ರಕ್ತ ನೇರವಾಗಿ ಹರಿಯಲ್ಲ, ಸುಳಿ ಸುತ್ತುತ್ತೆ. ಗೋಡೆಗೆ ಕೊಬ್ಬು ಕೂರುತ್ತೆ,” ಎಂದರು ಡಾಕ್ಟರ್.

“ಓ, ನಮ್ಮ ಟ್ರಾಫಿಕ್ ಥರಾನೇ! ಇಲ್ಲೂ ನನಗೆ ಬಿಡುಗಡೆ ಇಲ್ಲ ಅನ್ನಿ.”

ಎರಡು ಕವಲಿಗೂ ಕೂದಲೆಳೆಯಂಥ ಒಂದೊಂದು ತಂತಿ ಹೋಗಿತ್ತು. ದೊಡ್ಡ ಕವಲಿನ ತಂತಿಯ ಮೇಲೆ, ನಾಳವನ್ನು ತೆರೆದಿಡುವ ಜಾಲರಿ ಕೊಳವೆ, ಅಂದರೆ ಸ್ಟೆಂಟ್ ಸಾಗಬೇಕು. ಚಿಕ್ಕ ಕವಲಿನದು ಕಾವಲಿಗೆ. ಸ್ಟೆಂಟ್ ಅರಳಿದಾಗ ಕೊಬ್ಬು ಪಕ್ಕಕ್ಕೆ ಸರಿದು ಆ ಕವಲಿನ ಬಾಯಿ ಮುಚ್ಚಿಹೋಗದಿರಲೆಂದು. ಎರಡೂ ಅದಲುಬದಲಾಗದಂತೆ ಚಿಕ್ಕದರ, ದೇಹದ ಹೊರಗುಳಿದ ತುದಿಗೆ ಒದ್ದೆ ಬಟ್ಟೆ ಹೊದಿಸುವುದು ಆ ಕೋಣೆಯ ಪದ್ಧತಿ. ತಂತಿ ಜಾರದಂತೆ ಅದನ್ನು ಒತ್ತಿ ಹಿಡಿಯುವುದು ನರ್ಸಮ್ಮನ ಪಾಲು.

ಬಟ್ಟೆ ಸ್ವಲ್ಪ ಸೊಟ್ಟಗಿತ್ತು. ಏನಾದರೂ ಸೊಟ್ಟಗಿದ್ದರೆ ಅವಳ ಜೀವಕ್ಕೆ ಸಮಾಧಾನವಿಲ್ಲ. ಸರಿಮಾಡಲು ಬೆರಳೆತ್ತಿದಳು. ಅದೇ ಹೊತ್ತಿಗೆ ಡಾಕ್ಟರ್ ಸ್ಟೆಂಟನ್ನು ತಳ್ಳಿದರು. ಚಿಕ್ಕ ಕವಲಿನ ತಂತಿ ಹಿಂದಕ್ಕೆ ಜಾರಿ ಹೊರಬಂದದ್ದು ಎಕ್ಸ್-ರೇ ಪರದೆಯ ಮೇಲೆ ಅವಳಿಗೆ ಕಂಡಿತು. ಹೇಳಲೇ? ನನ್ನ ಕಣ್ಣೇ ತಪ್ಪಿರಬಹುದು. ಅವರೂ ನೋಡಿರುತ್ತಾರೆ. ಇಷ್ಟು ಯೋಚಿಸುವಷ್ಟರಲ್ಲಿ ಸ್ಟೆಂಟ್ ಅರಳಿತ್ತು, ರಕ್ತ ನಿಂತು ಚಿಕ್ಕ ಕವಲು ಪರದೆಯಿಂದ ಅಳಿಸಿಹೋಗಿತ್ತು.

ಡ್ರೈವರ್ ಮಾತು ನಿಲ್ಲಿಸಿದರು. “ಸಿಸ್ಟರ್, ಎದೆ…”

ಸ್ಟೆಂಟಿನ ಜಾಲರಿಯ ಸಂದಿನಲ್ಲಿ ಹೊಸ ತಂತಿ ತೂರಿಸಿ, ಬಲೂನು ಉಬ್ಬಿಸಿ ಆ ಬಾಯಿ ತೆರೆಯಲು ಇಪ್ಪತ್ತೈದು ನಿಮಿಷ ಹಿಡಿಯಿತು. ಜೀವ ಉಳಿಯಿತು. ಆದರೆ ಹೃದಯದ ಒಂದು ಮೂಲೆ ಪೆಟ್ಟು ತಿಂದಿತ್ತು.

ಹೊರಗೆ ಕಾದಿದ್ದ ಡ್ರೈವರ್ ಹೆಂಡತಿಗೆ ಡಾಕ್ಟರ್ ಮುಚ್ಚುಮರೆಯಿಲ್ಲದೆ ಹೇಳಿದರು. “ಒಂದು ತಂತಿ ಜಾರಿತಮ್ಮ. ನನ್ನ ಕೈತಪ್ಪು. ಮೂರು ತಿಂಗಳು ಬಸ್ ಓಡಿಸೋ ಹಾಗಿಲ್ಲ.”

“ನೀವೇನು ಬೇಕಂತ ಮಾಡಿದ್ರಾ?” ಎಂದ ಆಕೆ ಪಕ್ಕಕ್ಕೆ ತಿರುಗಿ ನರ್ಸಮ್ಮನ ಕೈ ಹಿಡಿದುಕೊಂಡರು. “ಕೊನೇವರೆಗೂ ಹತ್ರಾನೇ ಇದ್ಯಲ್ಲ ತಾಯಿ, ನಿನ್ನ ಹೊಟ್ಟೆ ತಣ್ಣಗಿರ್ಲಿ.”

ಹಿಡಿದದ್ದು ಅದೇ ಕೈ. ಅವಳು ಬಿಡಿಸಿಕೊಂಡಳು.

“ಡಾಕ್ಟರ್ ತಪ್ಪಲ್ಲಮ್ಮ. ತಂತಿ ಹಿಡ್ಕೊಂಡಿದ್ದು ನಾನು. ಬಿಟ್ಟಿದ್ದೂ ನಾನೇ.”

“ಬೆರಳು ಯಾರದ್ದಾದ್ರೂ ಜಾರುತ್ತೆ, ಬಿಡು,” ಎಂದರು ಡಾಕ್ಟರ್.

“ಜಾರಿದ್ದು ನೋಡ್ದೆ ಸಾರ್. ಸ್ಟೆಂಟ್ ಅರಳೋಕೆ ಮುಂಚೇನೇ. ಬಾಯಿ ಬಿಡ್ಲಿಲ್ಲ.”

ಡಾಕ್ಟರ್ ಈ ಸಲ ‘ಬಿಡು’ ಎನ್ನಲಿಲ್ಲ.

ಡ್ರೈವರ್ ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡರು. “ಯಾಕೆ ಹಿಂಗಾಯ್ತು ಅಂತ ನಮ್ಮನೆಯವರು ಕೇಳ್ದೆ ಬಿಡೋ ಜನ ಅಲ್ಲ. ನನ್ನ ಕೈಲಿ ಹೇಳೋಕಾಗಲ್ಲ. ನೀನೇ ಬಂದು ಹೇಳು.”

ಅವಳು ಆಕೆಯ ಹಿಂದೆಯೇ ವಾರ್ಡಿಗೆ ಹೋದಳು. ಡ್ರೈವರ್ ಕಣ್ಣು ಬಿಟ್ಟರು.

“ಏನ್ ಸಿಸ್ಟರ್, ಟ್ರಾಫಿಕ್ ಕ್ಲಿಯರ್ ಆಯ್ತಾ?”

ಅವಳು ಸ್ಟೂಲು ಎಳೆದುಕೊಂಡು ಕೂತಳು. “ಆಯ್ತು. ಆದ್ರೆ ಮಧ್ಯದಲ್ಲಿ ಒಂದು ಕಡೆ ನಾನು ಕೂಗಬೇಕಿತ್ತು, ಅಣ್ಣಾ…”