ಎರಡನೇ ಚೀಲ

ಆಸ್ಪತ್ರೆಯ ರಕ್ತನಿಧಿಯ ಕಿಟಕಿಯಲ್ಲಿ ಹತ್ತೊಂಬತ್ತು ವರ್ಷ ಕೂತವನು ನಾನು. ವಾರ್ಡಿನವರು ನನಗಿಟ್ಟ ಹೆಸರು ಜಿಪುಣ. ಇಟ್ಟರೆ ಇಟ್ಟುಕೊಳ್ಳಲಿ. ರಕ್ತವನ್ನು ಜೋಡಿಯಾಗಿ ತರಿಸುವುದು ಇಲ್ಲಿಯ ಹಳೇ ಚಾಳಿ. ಒಂದು ಚೀಲ ಸಾಕಾದಲ್ಲಿ ಎರಡು. ಯಾಕೆಂದು ಕೇಳಿದರೆ, "ಇರಲಿ ಅಂತ." ಆ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಬೇರೆಯವರ ರಕ್ತವೇನು ಟಾನಿಕ್ಕೇ? ಗುದ್ದಾಡಿ ಒಂದು ನಿಯಮ ತಂದೆ: ಒಂದು ಚೀಲ ಹಾಕಿ, ರೋಗಿಯನ್ನು ನೋಡಿ, ಮತ್ತೆ ಪರೀಕ್ಷೆ ಮಾಡಿ; ಎರಡನೆಯದು ಬೇಕಾದರೆ ಚೀಟಿಯಲ್ಲಿ ಕಾರಣ ಬರೆಯಿರಿ. ಸರಿಯಾದ ಕಾರಣವಿಲ್ಲದ ಚೀಟಿಗಳನ್ನು ಮುಲಾಜಿಲ್ಲದೆ ವಾಪಸು ಕಳಿಸುತ್ತಿದ್ದೆ.

ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಕಡ್ಡಿಯಂಥ ಮೈ, ಸೋತ ಹೃದಯ. ಆಪರೇಷನ್ ಚೆನ್ನಾಗಿಯೇ ಆಯಿತು. ಮರುದಿನ ಬೆಳಿಗ್ಗೆ ಒಂದು ಚೀಲ ರಕ್ತ ಹಾಕಿದರು. ಮಧ್ಯಾಹ್ನ ನೋಡಲು ಹೋದರೆ, "ನಿನ್ನ ಅಂಗಿಗೆ ಗುಂಡಿ ಹೊಲಿಯೋರು ಯಾರೂ ಇಲ್ವೇನೋ?" ಎಂದು ಬೈದಳು.

ಭಾವ ನನ್ನನ್ನು ಹೊರಗೆ ಕರೆದರು. "ಮುಖ ನೋಡಿದ್ಯಾ, ಹೇಗೆ ಬಿಳಿಚಿಕೊಂಡಿದೆ? ಇನ್ನೊಂದು ಹಾಕ್ಸಪ್ಪ. ಊರಿಗೆಲ್ಲ ಇಲ್ಲ ಅಂತೀಯ, ಸರಿ. ಒಡಹುಟ್ಟಿದವಳಿಗೂ ಜಿಪುಣತನಾನಾ?"

ವಾರ್ಡಿನ ಡಾಕ್ಟರು ಹೊಸಬಳು. "ಹಿಮೋಗ್ಲೋಬಿನ್ ಎಂಟೂವರೆ ಇದೆ ಸರ್, ಸದ್ಯಕ್ಕೆ ಸಾಕು. ಸುಸ್ತಿಲ್ಲ, ಊಟಾನೂ ಮಾಡಿದ್ದಾರೆ. ಹಾರ್ಟ್ ಬೇರೆ ವೀಕು. ಇಂಥವರಿಗೆ ಬೇಡ ಅಂತ ನೀವೇ ಹೇಳಿಕೊಟ್ಟಿದ್ದಲ್ವಾ?"

"ಅವಳು ನಮ್ಮಕ್ಕ, ಡಾಕ್ಟ್ರೇ. ಹಾಕಿಬಿಡಿ," ಎಂದೆ. "ಕಾರಣ ನಾನೇ ಬರೀತೀನಿ."

ನನ್ನ ಮೇಲೆ ನಂಬಿಕೆಯಿಟ್ಟು ಅವಳು ಸಹಿ ಹಾಕಿದಳು. ತಣ್ಣಗಿನ ಚೀಲವನ್ನು ನಾನೇ ಹಿಡಿದು ಮೆಟ್ಟಿಲು ಹತ್ತಿದೆ. ಸುಳ್ಳೇಕೆ ಹೇಳಲಿ, ಹತ್ತುವಾಗ ನನಗೆ ಸಂತೋಷವೇ ಆಗಿತ್ತು.

ಅರ್ಧ ಚೀಲ ಇಳಿಯುವಷ್ಟರಲ್ಲಿ ಅಕ್ಕ ಏದುಸಿರು ಬಿಡತೊಡಗಿದಳು. "ಉಸಿರು ಸಿಗ್ತಿಲ್ಲ ಕಣೋ." ಆ ಸೋತ ಹೃದಯಕ್ಕೆ ಅಷ್ಟು ಭಾರ ಎಳೆಯಲಾಗದೆ ಶ್ವಾಸಕೋಶದಲ್ಲಿ ನೀರು ತುಂಬಿತ್ತು. ರಕ್ತ ನಿಲ್ಲಿಸಿದರು, ಇಂಜೆಕ್ಷನ್ ಕೊಟ್ಟರು, ಆಕ್ಸಿಜನ್ ಇಟ್ಟರು. ಸಂಜೆ ದೀಪ ಹಾಕುವ ಹೊತ್ತಿಗೆ ಅಕ್ಕ ಇರಲಿಲ್ಲ.

ಭಾವ ಇವತ್ತಿಗೂ ನನ್ನ ಕೈ ಹಿಡಿದುಕೊಂಡು, "ನಿನ್ನ ಕೈಲಾದ್ದೆಲ್ಲ ಮಾಡಿದೆಯಪ್ಪ," ಎನ್ನುತ್ತಾರೆ. ನಾನು ಬಾಯಿ ಬಿಟ್ಟಿಲ್ಲ. ಆ ಡಾಕ್ಟರು ನನ್ನನ್ನು ಕಂಡರೆ ತಲೆ ತಗ್ಗಿಸಿ ಹೋಗುತ್ತಾಳೆ, ತಗ್ಗಿಸಬೇಕಾದವನು ನಾನು.

ತಿಂಗಳ ಕೊನೆಗೆ ಚೀಟಿಗಳ ಕಟ್ಟು ಎಂದಿನಂತೆ ತಪಾಸಣೆಗೆ ನನ್ನ ಮೇಜಿಗೇ ಬಂತು. ಅಕ್ಕನದೂ ಇತ್ತು. ಎರಡನೇ ಚೀಲಕ್ಕೆ ಕಾರಣವೇನು ಎಂಬ ಸಾಲಿನ ಮುಂದೆ, ನನ್ನದೇ ದುಂಡು ಅಕ್ಷರದಲ್ಲಿ, "ಇರಲಿ ಅಂತ" ಎಂದು ಬರೆದಿತ್ತು.