ನಾಲ್ಕು ಗಂಟೆಯ ಬಸ್ಸು

"ಬಯಾಲಜಿನೋ, ಕಂಪ್ಯೂಟರೋ? ಒಂದಕ್ಕ ಟಿಕ್ ಹಾಕವಾ, ಹಿಂದ ಮಂದಿ ನಿಂತಾರ."

ಬೈಲಹೊಂಗಲದ ಕಾಲೇಜಿನ ಕಿಟಕಿಯೊಳಗಿಂದ ಕ್ಲರ್ಕು ಅವಸರ ಮಾಡಿದ. ಪಿಯುಸಿ ಸೈನ್ಸಿನ ಫಾರ್ಮಿನ ಮೇಲೆ ಸಪ್ನಾಳ ಪೆನ್ನು ನಿಂತಲ್ಲೇ ನಿಂತಿತ್ತು.

"ಕಂಪ್ಯೂಟರ್ ಹಾಕ್ಕೋರಿ," ಎಂದ ಅವಳ ಅಪ್ಪ ಬಾಳೇಶ.

ದೊಡವಾಡದಾಚೆಯ ಅವರ ಹಳ್ಳಿಯ ಹುಡುಗಿಯರೆಲ್ಲ ಕಂಪ್ಯೂಟರನ್ನೇ ತೆಗೆದುಕೊಳ್ಳುತ್ತಿದ್ದರು. ತಲೆಗೆ ಹತ್ತುತ್ತದೆಂದಲ್ಲ. ಆ ಕ್ಲಾಸು ಮೂರೂವರೆಗೆ ಮುಗಿಯುತ್ತಿತ್ತು, ಊರಿನ ಬಸ್ಸು ನಾಲ್ಕಕ್ಕಿತ್ತು. ಬಯಾಲಜಿ ಪ್ರಾಕ್ಟಿಕಲ್ ಮುಗಿಯುವಾಗ ನಾಲ್ಕೂವರೆ. ಆಮೇಲಿನ ಬಸ್ಸುಗಳೆಲ್ಲ ದೊಡವಾಡಕ್ಕೇ ನಿಲ್ಲುವಂಥವು, ಅಲ್ಲಿಂದ ಮುಂದೆ ಮೂರು ಕಿಲೋಮೀಟರ್ ನಡಿಗೆ. ಹೀಗಾಗಿ ಯಾರು ಏನು ಓದಬೇಕೆಂಬುದನ್ನು ಆ ಊರಲ್ಲಿ ಮಾಸ್ತರರಿಗಿಂತ ಮೊದಲು ಬಸ್ಸಿನ ಡ್ರೈವರನೇ ನಿರ್ಧರಿಸಿಬಿಡುತ್ತಿದ್ದ.

"ಅಪ್ಪಾ, ಬಯಾಲಜಿ ಬಿಟ್ರ ದನದ ಡಾಕ್ಟರ್ ಆಗಾಕ ಬರೂದಿಲ್ಲ."

ಹೋದ ವರ್ಷ ಮನೆಯ ಎಮ್ಮೆ ಈಯುವಾಗ ಕರು ಅಡ್ಡ ಸಿಕ್ಕಿಕೊಂಡಿತ್ತು. ಆಗ ದನದ ಡಾಕ್ಟರು ಅವಳನ್ನೇ ಕರೆದು ಕರುವಿನ ಕಾಲು ಹಿಡಿಸಿದ್ದರು. ಕರು ನೆಲಕ್ಕೆ ಬಿದ್ದು ಉಸಿರಾಡಿತು. ಅಂದಿನಿಂದ ಅವಳ ತಲೆಯಲ್ಲಿ ಬೇರೇನೂ ಇರಲಿಲ್ಲ.

"ಗೊತ್ತೈತಿ. ಆದ್ರ ಕತ್ತಲದಾಗ ಒಬ್ಬಾಕಿ ಹೆಂಗ ಬರ್ತಿ?"

"ನಾಳೆ ಹನ್ನೊಂದರ ಮಟಾ ಟೈಮ್ ಐತ್ರಿ. ವಿಚಾರ ಮಾಡಿ ತರ್ರಿ," ಎಂದು ಕ್ಲರ್ಕು ಮುಂದಿನವರನ್ನು ಕರೆದ.

ನಾಲ್ಕರ ಬಸ್ಸು ಬಂತು. ಸಪ್ನಾ ಪಾವಟಿಗೆಯ ಮೇಲೆ ಕಾಲಿಟ್ಟಳು. ಅಪ್ಪ ಮಾತ್ರ ಕೆಳಗೇ ನಿಂತಿದ್ದ.

"ಇಳಿ. ಐದರ ಬಸ್ಸಿಗೆ ಹೋಗೂಣು. ಒಮ್ಮೆ ನಡದು ನೋಡೂಣು."

ದೊಡವಾಡದಲ್ಲಿ ಇಳಿದದ್ದೇ ಅಪ್ಪ ಗಡಿಯಾರ ನೋಡಿಕೊಂಡ. ಸಪ್ನಾ ಓಡುವವಳಂತೆ ಹೆಜ್ಜೆ ಹಾಕಿದಳು. ಹೊತ್ತು ಜಾಸ್ತಿ ಹಿಡಿದರೆ ಕಥೆ ಮುಗಿಯಿತು! ಆದರೆ ಅಪ್ಪನ ಮೊಣಕಾಲು ನೋವಿನದು. ನಾಲ್ಕು ಹೆಜ್ಜೆಗೊಮ್ಮೆ ಅವನು ಹಿಂದೆ ಬೀಳುತ್ತಿದ್ದ, ಇವಳು ಹಲ್ಲು ಕಚ್ಚಿ ಕಾಯುತ್ತಿದ್ದಳು. ಆ ಕಾಲಿನ ಮೇಲೆ ಅವಳಿಗೆ ಸಿಟ್ಟು ಬಂತು. ಸಿಟ್ಟು ಬಂದದ್ದಕ್ಕೆ ನಾಚಿಕೆಯೂ ಆಯಿತು.

ಮೋಡ ಕವಿದು ಬೇಗನೆ ಮಬ್ಬಾಯಿತು. ಕಬ್ಬಿನ ಹೊಲದ ತಿರುವಿನಲ್ಲಿ ಎರಡು ನಾಯಿಗಳು ಬೊಗಳುತ್ತ ಮೈಮೇಲೆ ಬಂದವು. ಸಪ್ನಾ ಬಗ್ಗಿ ಒಂದು ಕಲ್ಲು ಎತ್ತಿಕೊಂಡಳು. ನಾಯಿಗಳು ಅಲ್ಲೇ ನಿಂತವು. ಅಪ್ಪ ಹಿಂದಿನಿಂದ ಅದನ್ನು ನೋಡುತ್ತ ಬಂದ.

ಮನೆಯ ಕಟ್ಟೆಯ ಮೇಲೆ ಕುಳಿತು ಅಪ್ಪ ಮತ್ತೆ ಗಡಿಯಾರ ನೋಡಿದ.

"ಐವತ್ತೈದು ನಿಮಿಷ."

ಅಪ್ಪ ಮೊಣಕಾಲು ತಿಕ್ಕಿಕೊಳ್ಳುತ್ತ ಇದ್ದವನು ತಲೆ ಎತ್ತದೆ ಹೇಳಿದ:

"ಅದು ನನ್ನ ಕಾಲಿಂದು. ನೀ ಒಬ್ಬಾಕಿ ಆದ್ರ ಮೂವತ್ತೈದಕ್ಕ ಬರ್ತಿ. ಫಾರ್ಮ್ ತಗಿ."

ಕಟ್ಟೆಯ ಮೇಲೆ ಹಾಸಿದ ಫಾರ್ಮು ಗಾಳಿಗೆ ಪಟಪಟ ಅಂದಿತು. ಪೆನ್ನು ಹಿಡಿಯಹೋದಾಗಲೇ ಸಪ್ನಾಳಿಗೆ ಗೊತ್ತಾಯಿತು, ಕೈಯಲ್ಲಿ ಇನ್ನೂ ಆ ಕಲ್ಲು ಇತ್ತು. ಅದನ್ನು ಫಾರ್ಮಿನ ಮೂಲೆಗೆ ಇಟ್ಟಳು.