ಉಸಿರು ಬಿಡು, ಎತ್ತು

2025ರ ಮಾರ್ಚ್ 4, ಮಂಗಳವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಲಾಂಡ್ರಿಯ ಎರಡನೇ ನಂಬರ್ ಯಂತ್ರ ತಿರುಗಿ ತಿರುಗಿ ನಿಂತಿತು. ಆಸ್ಪತ್ರೆಯಿಂದ ಬಂದಿದ್ದ ಹಾಸಿಗೆ ಬಟ್ಟೆಗಳೆಲ್ಲ ಒದ್ದೆಯಾಗಿ ಮೂರು ದೊಡ್ಡ ಬುಟ್ಟಿಗಳಿಗೆ ಬಿದ್ದವು. ಒಂದೊಂದು ಬುಟ್ಟಿಗೆ ಇಬ್ಬರಂತೆ ಆರು ಜನ ಹೆಂಗಸರು ಬಾಗಿ ನಿಂತರು. ಸಾಲಿನ ಮೊದಲಲ್ಲಿದ್ದ ಗಂಟಲಕ್ಕ ಕೂಗಿದಳು:

"ಉಸಿರು ಕಟ್ಟು... ಎತ್ತು!"

ಬುಟ್ಟಿಗಳು ಒಟ್ಟಿಗೇ ಮೇಲೆದ್ದವು. ಅದೇ ಗಳಿಗೆಯಲ್ಲಿ ಗಂಟಲಕ್ಕನ ಕಿಬ್ಬೊಟ್ಟೆಯಿಂದ ಏನೋ ಕೆಳಕ್ಕೆ ಜಾರಿತು.

ಅವಳು ಬುಟ್ಟಿ ಬಿಡಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಒಂದು ಬುಟ್ಟಿಯನ್ನೂ ಬಿಟ್ಟವಳಲ್ಲ. ಗಾಡಿಯ ಮೇಲಿಟ್ಟು, ಮುಖ ಒರೆಸಿಕೊಂಡು, ನೆಟ್ಟಗೆ ಬಚ್ಚಲಿಗೆ ಹೋದಳು. ಚಿಲಕ ಹಾಕಿ ಕೈಯಿಂದ ಮುಟ್ಟಿ ನೋಡಿಕೊಂಡಳು. ಯೋನಿಯ ಬಾಯಲ್ಲಿ, ಸಿಪ್ಪೆ ಸುಲಿದ ನಿಂಬೆಹಣ್ಣಿನಷ್ಟು ಗಾತ್ರದ ಮೆತ್ತನೆಯ ಉಂಡೆ. ಒತ್ತಿದರೆ ಒಳಗೆ ಹೋಗುತ್ತಿತ್ತು. ಎದ್ದು ನಿಂತರೆ ಮತ್ತೆ ಬರುತ್ತಿತ್ತು.

ಅವಳಿಗೆ ಮೊದಲು ಹೊಳೆದದ್ದು ಕ್ಯಾನ್ಸರ್. ಎರಡನೆಯದು, ಮಡಿಸುವ ಮೇಜು.

ಮಡಿಸುವ ಮೇಜು ಎಂದರೆ ಒಣಗಿದ ಬಟ್ಟೆಯನ್ನು ಕೂತು ಮಡಿಸುವ ಜಾಗ. ಮೈಯಲ್ಲಿ ಕಸುವು ಮುಗಿದವರನ್ನು ಅಲ್ಲಿಗೆ ಕಳಿಸುತ್ತಾರೆ. ಹೆಂಗಸರು ಅದನ್ನು "ಪಿಂಚಣಿ ಮೇಜು" ಎಂದು ನಗುತ್ತಾರೆ. ಗಂಟಲಕ್ಕನಿಗೆ ನಲವತ್ತೇಳು ವರ್ಷ. ಯಂತ್ರಗಳ ಗದ್ದಲವನ್ನು ಸೀಳಿಕೊಂಡು ಇಸ್ತ್ರಿ ಕೋಣೆಯವರೆಗೆ ಕೇಳುವ ಗಂಟಲು ಅವಳದು. ಆ ಕೂಗು ಅವಳಿಗೆ ಅತ್ತೆಯಿಂದ ಬಂದದ್ದು. ಅತ್ತೆಯೂ ಇದೇ ಲಾಂಡ್ರಿಯಲ್ಲಿ, ಇದೇ ಸಾಲಿನ ಮೊದಲಲ್ಲಿ ನಿಂತು ಇಪ್ಪತ್ತೆರಡು ವರ್ಷ ಕೂಗಿದವರು. ಆ ಜಾಗ ಬಿಟ್ಟುಕೊಡುವುದೆಂದರೆ ಹೆಸರನ್ನೇ ಬಿಟ್ಟುಕೊಟ್ಟ ಹಾಗೆ.

ಹಾಗಾಗಿ ಅವಳು ಯಾರಿಗೂ ಹೇಳಲಿಲ್ಲ. ನಡುಪಟ್ಟಿಯನ್ನು ಇನ್ನೊಂದು ಸುತ್ತು ಬಿಗಿದಳು.

ಈ ನಡುಪಟ್ಟಿ ಲಾಂಡ್ರಿಯ ಹೆಂಗಸರು ತಾವೇ ಕಂಡುಕೊಂಡದ್ದು. ಹಳೆಯ ದಿಂಬಿನ ಚೀಲವನ್ನು ಉದ್ದಕ್ಕೆ ಹರಿದು, ಹೊಟ್ಟೆಯ ಸುತ್ತ ಉಸಿರು ಸಿಕ್ಕಿಬೀಳುವಷ್ಟು ಬಿಗಿಯಾಗಿ ಕಟ್ಟುತ್ತಾರೆ. ಹೊಸದಾಗಿ ಬಂದವರಿಗೆ ಮೊದಲ ಪಾಠವೇ ಇದು. ಕಟ್ಟಿಕೊಂಡರೆ ಸೊಂಟ ಗಟ್ಟಿ, ಮೈ ಅಲುಗುವುದಿಲ್ಲ ಎಂದು ನಂಬಿಕೆ. ಗಂಟಲಕ್ಕ ಅದರ ಜೊತೆಗೆ ಇನ್ನೊಂದು ಉಪಾಯವನ್ನೂ ಮಾಡಿದಳು. ಪದೇ ಪದೇ ಬಚ್ಚಲಿಗೆ ಓಡಬೇಕಾಗುತ್ತದೆಂದು ಬೆಳಗಿನಿಂದ ನೀರು ಕುಡಿಯುವುದನ್ನೇ ಬಿಟ್ಟಳು. ಅದರಿಂದ ಮಲ ಗಟ್ಟಿಯಾಯಿತು. ತಿಣುಕಿ ಮುಕ್ಕಿದಾಗೆಲ್ಲ ಉಂಡೆ ಇನ್ನಷ್ಟು ಕೆಳಗೆ ಬಂತು. ಬೆಳಿಗ್ಗೆ ಪರವಾಗಿಲ್ಲ ಅನ್ನಿಸಿದರೂ ಸಂಜೆಯಾಗುತ್ತಲೇ ಕಾಲುಗಳ ನಡುವೆ ಕಲ್ಲು ತೂಗಿದಂತೆ ಭಾರ.

ಐದು ವಾರ ಹೀಗೇ ಕಳೆಯಿತು. ಒಂದು ಭಾನುವಾರ ಓರಗಿತ್ತಿ ಮನೆಗೆ ಬಂದಳು. ಗಂಟಲಕ್ಕನ ಗಂಡನ ತಮ್ಮನ ಹೆಂಡತಿ ಅವಳು, ಹೆರಿಗೆ ಆಸ್ಪತ್ರೆಯಲ್ಲಿ ನರ್ಸು. ಬಂದು ಅರ್ಧ ಗಂಟೆಯಾಗಿರಲಿಲ್ಲ, ಕೇಳಿಯೇಬಿಟ್ಟಳು.

"ಅಕ್ಕಾ, ಕುರ್ಚಿಯಲ್ಲಿ ಮೊಳೆ ಇದೆಯಾ?"

"ಯಾಕೆ?"

"ಒಂದೇ ಪಕ್ಕಕ್ಕೆ ಕೂತಿದೀಯ. ಬಂದಾಗಿಂದ ಮೂರು ಸಲ ಬಚ್ಚಲಿಗೆ ಹೋದೆ. ಕೆಮ್ಮು ಬಂದಾಗ ಕಾಲು ಕತ್ತರಿ ಹಾಕ್ಕೊಂಡೆ."

"ನಿನ್ನ ಡ್ಯೂಟಿ ಆಸ್ಪತ್ರೆಯಲ್ಲಿ ಮುಗಿಸ್ಕೊಂಡು ಬಾ ಕಣೇ. ನನ್ನ ಮನೇಲಿ ಬೇಡ."

"ಏನೋ ಕೆಳಗೆ ಬಂದ ಹಾಗೆ ಆಗುತ್ತಾ?"

ಗಂಟಲಕ್ಕ ಅತ್ತೆ ಮಲಗಿದ್ದ ಒಳಕೋಣೆಯ ಕಡೆ ನೋಡಿದಳು. ತಲೆ ಮಾತ್ರ ಆಡಿಸಿದಳು. ಆಮೇಲೆ ಪಿಸುಗುಟ್ಟಿದಳು: "ಕ್ಯಾನ್ಸರಾ?"

"ಅಲ್ಲ ಅನ್ಸುತ್ತೆ. ಗರ್ಭಕೋಶ ಜಾರಿರಬಹುದು, ಇಲ್ಲಾಂದ್ರೆ ಮೂತ್ರಚೀಲ ಇಳಿದಿರಬಹುದು. ಡಾಕ್ಟರು ನೋಡಿದ್ರೆ ಗೊತ್ತಾಗುತ್ತೆ. ನಮ್ಮ ಆಸ್ಪತ್ರೇಲಿ ದಿನಾ ನೋಡ್ತೀವಿ."

ಒಳಗೆ ಮಂಚದ ಮೇಲಿಂದ ಅತ್ತೆಯ ದನಿ ಬಂತು. "ಅದಕ್ಕೆಲ್ಲ ಡಾಕ್ಟರಾ? ಹೆತ್ತ ಹೆಂಗಸಿಗೆ ಇದ್ದದ್ದೇ. ನನಗೂ ಇದೆ, ಇಪ್ಪತ್ತು ವರ್ಷದಿಂದ. ಬಟ್ಟೆ ಒತ್ತಿಟ್ಕೊಂಡು ಬಾಳ್ತಾ ಇಲ್ವಾ? ಸತ್ತೆನಾ?"

ಇಬ್ಬರು ಸೊಸೆಯರೂ ಮುಖ ಮುಖ ನೋಡಿಕೊಂಡರು. ಇಪ್ಪತ್ತು ವರ್ಷ ಒಂದೇ ಸೂರಿನಡಿ ಇದ್ದ ಗಂಟಲಕ್ಕನಿಗೂ ತಿಳಿದಿರಲಿಲ್ಲ.

"ಸಾಯಲಿಲ್ಲ ಅತ್ತೆ," ಎಂದಳು ಓರಗಿತ್ತಿ ಮೆಲ್ಲಗೆ. "ಆದ್ರೆ ತವರಿಗೆ ಹೋಗೋದು ಬಿಟ್ರಿ. ಬಸ್ ಹತ್ತಲ್ಲ ಅಂದ್ರಿ. ಯಾರ ಮನೆಗೆ ಕರೆದ್ರೂ ತಲೆನೋವು ಅಂದ್ರಿ. ನಾವು ನಿಮಗೆ ಬಿಗುಮಾನ ಅಂದ್ಕೊಂಡಿದ್ವಿ."



ಓರಗಿತ್ತಿ ಒಂದು ಹಾಸಿಗೆ ಬಟ್ಟೆ ತಂದು ಎರಡು ತುದಿಯನ್ನು ಗಂಟಲಕ್ಕನ ಕೈಗೆ ಕೊಟ್ಟಳು, ಎರಡನ್ನು ತಾನು ಹಿಡಿದಳು. ನಡುವೆ ಒಂದು ದಿಂಬು ಇಟ್ಟಳು. "ನಮ್ಮ ಕೆಳಹೊಟ್ಟೆಯ ತಳದಲ್ಲಿ ಸ್ನಾಯು ಹೀಗೇ ಹಾಸಿರುತ್ತೆ. ಮೂತ್ರಚೀಲ, ಗರ್ಭಕೋಶ, ಗುದದ್ವಾರದ ಕಡೆಯ ಕರುಳು, ಎಲ್ಲ ಇದರ ಮೇಲೆ. ಹೆರಿಗೆಯಲ್ಲಿ ಇದು ಹಿಗ್ಗುತ್ತೆ. ಮುಟ್ಟು ನಿಂತ ಮೇಲೆ ಸಡಿಲ ಆಗುತ್ತೆ. ಈಗ ದಿಂಬನ್ನ ಮೇಲಿಂದ ಒತ್ತು."

ಗಂಟಲಕ್ಕ ಮೊಣಕೈಯಿಂದ ಒತ್ತಿದಳು. ಬಟ್ಟೆ ಜೋತುಬಿತ್ತು.

"ನೋಡು. ನೀನು ಉಸಿರು ಕಟ್ಟಿ ಎತ್ತಿದಾಗೆಲ್ಲ ಮೇಲಿಂದ ಹೀಗೇ ಒತ್ತಡ ಬೀಳುತ್ತೆ. ಸಾಲದು ಅಂತ ಹೊಟ್ಟೆಗೆ ಪಟ್ಟಿ ಬಿಗೀತೀಯ. ತುಂಬಿದ ಚೀಲವನ್ನ ನಡುವೆ ಹಿಸುಕಿದ್ರೆ ಒಳಗಿರೋದು ಎಲ್ಲಿಗೆ ಹೋಗುತ್ತೆ?"

"ಕೆಳಕ್ಕೆ." ಗಂಟಲಕ್ಕ ಮೊಣಕೈ ತೆಗೆದಳು. "ಅಂದ್ರೆ ಹತ್ತೊಂಬತ್ತು ವರ್ಷ ನಾನು ಕೂಗಿದ್ದು..."

"ಗೊತ್ತಿಲ್ಲದೆ ಕೂಗಿದೀಯ. ನಾಳೆ ಬಾ."

ಆಸ್ಪತ್ರೆಯ ಲೇಡಿ ಡಾಕ್ಟರು ಪರದೆ ಎಳೆದು, ಓರಗಿತ್ತಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಪರೀಕ್ಷೆ ಮಾಡಿದರು. ಮುಕ್ಕಲು ಹೇಳಿ, ಗುರುತು ಹಾಕಿದ ಸಣ್ಣ ಕಡ್ಡಿಯಿಂದ ಅಳತೆ ತೆಗೆದರು. ಮೂತ್ರ ಪರೀಕ್ಷೆಗೆ ಬರೆದರು. ಹತ್ತು ನಿಮಿಷವೂ ಆಗಲಿಲ್ಲ, ನೋವೂ ಆಗಲಿಲ್ಲ. ಗರ್ಭಕೋಶ ಜಾರಿತ್ತು, ಅದರ ಜೊತೆ ಮೂತ್ರಚೀಲವೂ ಸ್ವಲ್ಪ ಇಳಿದಿತ್ತು. ಕ್ಯಾನ್ಸರ್ ಅಲ್ಲ.

"ತೆಗೆದು ಹಾಕ್ತೀರಾ?" ಎಂದು ಕೇಳಿದಳು ಗಂಟಲಕ್ಕ.

"ಅಷ್ಟು ಅವಸರ ಏನು? ಮೊದಲು ಸ್ನಾಯುವಿಗೆ ವ್ಯಾಯಾಮ. ಜೊತೆಗೆ ಮೆತ್ತನೆಯ ರಿಂಗ್ ಒಳಗೆ ಇಡ್ತೀನಿ, ಅದು ಜಾರಿದ್ದನ್ನ ಮೇಲೆ ಹಿಡಿದಿರುತ್ತೆ. ತೆಗೆದು ತೊಳೆದು ಹಾಕೋದನ್ನ ಕಲಿಸ್ತೀವಿ, ಹೇಳಿದ ದಿನ ಬಂದು ತೋರಿಸಬೇಕು. ಇವೆರಡೂ ಸಾಲದೆ ಹೋದ್ರೆ ಆಪರೇಷನ್ ಇದೆ. ಅದರಲ್ಲೂ ಎಲ್ಲರಿಗೂ ಗರ್ಭಕೋಶ ತೆಗೆಯಬೇಕಂತಿಲ್ಲ. ಎಲ್ಲಿ, ನೀವು ಬುಟ್ಟಿ ಹೇಗೆ ಎತ್ತುತ್ತೀರಿ, ತೋರಿಸಿ."

ಗಂಟಲಕ್ಕ ಖಾಲಿ ಬಕೆಟ್ಟಿನ ಮುಂದೆ ಬಾಗಿ, ಅಭ್ಯಾಸಬಲದಿಂದ ಕೂಗಿಯೇಬಿಟ್ಟಳು. ಹೊರಗೆ ಸಾಲಿನಲ್ಲಿ ಕೂತಿದ್ದ ಗರ್ಭಿಣಿಯರು ಗಾಬರಿಯಿಂದ ಎದ್ದು ನಿಂತರು. ಡಾಕ್ಟರು ನಗು ತಡೆದುಕೊಂಡು ಹೇಳಿದರು: "ಗಂಟಲು ಬಂಗಾರ. ಕೂಗು ತಿದ್ದಬೇಕು. ಎತ್ತುವ ಮೊದಲು ಕೆಳಗಿನ ಸ್ನಾಯು ಬಿಗಿ ಹಿಡೀರಿ. ಎತ್ತುವಾಗ ಉಸಿರು ಹೊರಗೆ ಬಿಡಿ. ಸದ್ಯಕ್ಕೆ ಆರು ವಾರ ಭಾರ ಬೇಡ."

ವ್ಯಾಯಾಮ ಕಲಿಸಿದ್ದು ಓರಗಿತ್ತಿ. "ನಾಲ್ಕು ಜನರ ನಡುವೆ ಕೂತಾಗ ಗಾಳಿ ಬರೋ ಹಾಗಾದ್ರೆ ಏನು ಮಾಡ್ತೀವಿ? ಬಿಗಿ ಹಿಡೀತೀವಲ್ಲ?"

"ನಾನು ಹಿಡೀತೀನಿ. ನಿನ್ನ ಭಾವನಿಗೆ ಆ ನಾಚಿಕೆ ಎಲ್ಲಿದೆ?"

"ಭಾವನ ಸುದ್ದಿ ಬಿಡು. ಹಾಗೇ ಬಿಗಿಹಿಡಿದು ಒಳಗೆ, ಮೇಲಕ್ಕೆ ಎಳ್ಕೋ. ಮೂತ್ರ ತಡೆಯೋ ಹಾಗೆ ಮುಂದುಗಡೆಯೂ ಬಿಗಿ ಆಗಬೇಕು. ಐದು ಎಣಿಸು. ಬಿಡು, ಐದು ಎಣಿಸು. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಉಸಿರು ಕಟ್ಟಬಾರದು, ತೊಡೆ, ಹೊಟ್ಟೆ ಬಿಗಿಯಬಾರದು. ಮೂತ್ರ ಮಾಡ್ತಾ ಇದನ್ನ ಅಭ್ಯಾಸ ಮಾಡಬಾರದು. ಮೂರು ತಿಂಗಳು ಬಿಡದೆ ಮಾಡು, ಆಮೇಲೆ ಮಾತಾಡೋಣ. ನೀರು ಕುಡಿ. ತರಕಾರಿ, ಹಣ್ಣು ತಿನ್ನು, ಮುಕ್ಕೋ ಹಾಗಾಗಬಾರದು."

ಗಂಡನಿಗೆ ಅವಳೇ ಹೇಳಿದಳು. ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಕೆಳಗಿಟ್ಟ. "ನನ್ನ ಮೇಲೆ ಕೋಪ ಇರಬೇಕು, ಅದಕ್ಕೇ ಆ ಕಡೆ ತಿರುಗಿ ಮಲಗ್ತೀಯ ಅಂದ್ಕೊಂಡಿದ್ದೆ," ಎಂದ. ಮರುದಿನದಿಂದ ನೀರಿನ ಕೊಡ ಅವನ ಹೆಗಲಿಗೆ ಬಂತು.

ಆರು ವಾರ ಗಂಟಲಕ್ಕ ಪಿಂಚಣಿ ಮೇಜಿನಲ್ಲಿ ಕೂತಳು. ಏನಾಯಿತೆಂದು ಕೇಳಿದವರಿಗೆಲ್ಲ "ಸೊಂಟ" ಎಂದು ಹೇಳಿ ಮುಗಿಸಿದಳು. ರಿಂಗ್ ಹಾಕಿದ ಮೇಲೆ ಭಾರ ಹೋಗಿತ್ತು, ನಡಿಗೆ ಹಗುರಾಗಿತ್ತು. ಆದರೆ ಅವಳ ಜಾಗದಲ್ಲಿ, ಅವಳದೇ ಬುಟ್ಟಿಯ ಜೊತೆಗಾತಿ "ಉಸಿರು ಕಟ್ಟು" ಎಂದು ಕೂಗಿದಾಗೆಲ್ಲ ಬಟ್ಟೆ ಮಡಿಸುವ ಕೈ ನಿಂತುಬಿಡುತ್ತಿತ್ತು. ಹೇಳಬೇಕು. ಹೇಳಿದರೆ ಕಾರಣವನ್ನೂ ಹೇಳಬೇಕು. ಕಾರಣ ಹೇಳಿದ ಮೇಲೆ ಮತ್ತೆ ಸಾಲಿನ ಮೊದಲಿಗೆ ಯಾರು ಕರೆಯುತ್ತಾರೆ?

ಐದನೇ ವಾರ, ಬಾಣಂತನ ಮುಗಿಸಿ ಹೊಸದಾಗಿ ಕೆಲಸಕ್ಕೆ ಬಂದ ಹುಡುಗಿಯೊಬ್ಬಳು ಮೂರನೇ ಬುಟ್ಟಿಗೆ ನಿಂತಳು. ಮಗುವಿಗೆ ಇನ್ನೂ ನಾಲ್ಕು ತಿಂಗಳು. ಜೊತೆಗಾತಿ ಅವಳ ನಡುಪಟ್ಟಿಗೆ ಮೊಣಕಾಲು ಕೊಟ್ಟು ಬಿಗಿದಳು. "ಉಸಿರು ಕಟ್ಟು..." ಎಂದಾಗ ಹುಡುಗಿಯ ಮುಖ ಕೆಂಪಾಗಿ, ಕತ್ತಿನ ನರ ಉಬ್ಬಿತು.

"ಇಡಿ! ಬುಟ್ಟಿ ಕೆಳಗಿಡಿ!"

ಇಡೀ ಲಾಂಡ್ರಿ ತಿರುಗಿ ನೋಡಿತು. ಗಂಟಲಕ್ಕ ಮೇಜು ಬಿಟ್ಟು ಎದ್ದಿದ್ದಳು. ಸೂಪರ್‌ವೈಸರ್ ಓಡಿ ಬಂದ. "ಏನಕ್ಕಾ ಇದು? ಏನಾಯ್ತು?"

"ನನಗೆ ಗರ್ಭಕೋಶ ಜಾರಿದೆ!"

ಅವಳಿಗೆ ಮೆಲ್ಲಗೆ ಮಾತಾಡಿ ಅಭ್ಯಾಸವಿಲ್ಲ. ಮಾತು ಇಸ್ತ್ರಿ ಕೋಣೆ ದಾಟಿ ಬಾಯ್ಲರ್ ಹತ್ತಿರದ ಗಂಡಸರಿಗೂ ಕೇಳಿಸಿತು. ಸೂಪರ್‌ವೈಸರ್ ನೆಲ ನೋಡಿದ.

"ನೆಲದಲ್ಲೇನೂ ಬಿದ್ದಿಲ್ಲ ಮಾರಾಯ, ನನ್ನ ಮುಖ ನೋಡು. ಕೈ ಮುರಿದಿದ್ರೆ ನೋಡ್ತಿರಲಿಲ್ವಾ? ಇದೂ ಮೈಯೇ. ಉಸಿರು ಕಟ್ಟು ಅಂತ ಕೂಗಿದವಳು ನಾನು. ಪಟ್ಟಿ ಬಿಗಿಯೋದು ಕಲಿಸಿದವಳೂ ನಾನು. ಎರಡೂ ತಪ್ಪು. ಈ ಹುಡುಗಿ ಮೈ ಇನ್ನೂ ಹಸಿ. ಇವಳಿಗೆ ಈಗ್ಲೇ ಬುಟ್ಟಿ ಕೊಡಬೇಡ, ಮೇಜಿಗೆ ಕಳಿಸು. ಆ ಬುಟ್ಟಿ ತೂಕಕ್ಕೆ ಹಾಕು, ನೋಡೋಣ."

ತಕ್ಕಡಿ ಮೂವತ್ತೆಂಟು ಕಿಲೋ ತೋರಿಸಿತು. ಅದನ್ನು ದಿನಕ್ಕೆ ಐವತ್ತು ಸಲ ಎತ್ತುತ್ತಿದ್ದರು. ಯಾರೂ ಒಮ್ಮೆಯೂ ತೂಗಿರಲಿಲ್ಲ.

ಸೂಪರ್‌ವೈಸರ್ ಗೊಣಗಿದ, ಕೆಲಸ ನಿಧಾನವಾಗುತ್ತದೆ ಎಂದ. ಗಂಟಲಕ್ಕ ಬಿಡಲಿಲ್ಲ. ಅಂದಿನಿಂದ ಬುಟ್ಟಿಗೆ ಅರ್ಧ ಮಾತ್ರ ತುಂಬುವುದೆಂದಾಯಿತು, ಗಾಡಿಯನ್ನು ಯಂತ್ರದ ಬಾಯಿಗೇ ತಳ್ಳಿ ನಿಲ್ಲಿಸುವುದೆಂದಾಯಿತು. ಪಟ್ಟಿಗಳು ನೆಲ ಒರೆಸುವ ಬಟ್ಟೆಯಾದವು. ಸಂಜೆ ಬಚ್ಚಲ ಬಾಗಿಲಲ್ಲಿ ನಾಲ್ಕು ಜನ ಒಬ್ಬೊಬ್ಬರಾಗಿ ಗಂಟಲಕ್ಕನ ಹತ್ತಿರ ಬಂದು, "ಅಕ್ಕಾ, ನನಗೂ..." ಎಂದರು. ನಾಲ್ವರನ್ನೂ ಅವಳೇ ಆಸ್ಪತ್ರೆಗೆ ಕರೆದೊಯ್ದಳು. ಐದನೆಯವರು ಮನೆಯಲ್ಲೇ ಕಾಯುತ್ತಿದ್ದರು. ಎಪ್ಪತ್ತೊಂದು ವರ್ಷದ ಅತ್ತೆ, ಒಗೆದ ಸೀರೆ ಉಟ್ಟು, ಕನ್ನಡಕ ಒರೆಸಿಕೊಂಡು, "ಆ ಉಂಗುರ ನನ್ನ ವಯಸ್ಸಿಗೂ ಹಾಕ್ತಾರಾ, ಕೇಳ್ಕೊಂಡು ಬಾ," ಎಂದರು. ಕೇಳುವುದೇನು, ಕೈಹಿಡಿದೇ ಕರೆದುಕೊಂಡು ಹೋದಳು. ಹಾಕಿದರು.

ಡಾಕ್ಟರ ಒಪ್ಪಿಗೆ ಸಿಕ್ಕ ದಿನ ಗಂಟಲಕ್ಕನನ್ನು ಸಾಲಿನ ಮೊದಲಿಗೆ ಕರೆದದ್ದು ಜೊತೆಗಾತಿಯೇ. "ನಿನ್ನ ಜಾಗ ನೀನೇ ಇಟ್ಕೋ ಮಾರಾಯ್ತಿ. ಕೂಗಿ ಕೂಗಿ ನನ್ನ ಗಂಟಲು ಹರಿದುಹೋಗಿದೆ."

ಗಂಟಲಕ್ಕ ಕಾಲು ಅಗಲಿಸಿ, ಮೊಣಕಾಲು ಬಗ್ಗಿಸಿ, ಅರ್ಧ ತುಂಬಿದ ಬುಟ್ಟಿಯನ್ನು ಮೈಗೆ ಹತ್ತಿರ ಹಿಡಿದು ನಿಂತಳು. ಎದೆ ಸೆಟೆದಿತ್ತು. ಯಂತ್ರಗಳನ್ನು ಮೀರಿದ ದನಿಯಲ್ಲಿ ಕೂಗಿದಳು:

"ಬಿಗಿ ಹಿಡಿ... ಉಸಿರು ಬಿಡು... ಎತ್ತು!"

ಓದುತ್ತಿರುವ ಅಕ್ಕ, ತಂಗಿ, ತಾಯಿ, ಈಗ ನಿಮ್ಮ ಸರದಿ. ಸಂಜೆಗೆ ಕೆಳಗೆ ಭಾರ ಜಗ್ಗುತ್ತಿದೆಯೇ? ಏನೋ ಹೊರಗೆ ಬಂದಂತೆ ಕೈಗೆ ತಾಗುತ್ತಿದೆಯೇ? ಕೆಮ್ಮಿದರೆ ಮೂತ್ರ ಹನಿಯುತ್ತದೆಯೇ, ಮೂತ್ರ ಪೂರ್ತಿ ಹೋಗದೆ ಉಳಿದಂತಾಗುತ್ತದೆಯೇ? ಮುಚ್ಚಿಡಬೇಡಿ, ಬಟ್ಟೆ ತುರುಕಬೇಡಿ, ಹೊಟ್ಟೆ ಬಿಗಿಯಬೇಡಿ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ತೋರಿಸಿ. ರಕ್ತ ಬಂದರೆ, ದುರ್ವಾಸನೆಯ ಸ್ರಾವವಿದ್ದರೆ, ಜೋರು ನೋವಿದ್ದರೆ, ಮೂತ್ರವೇ ಹೋಗದಿದ್ದರೆ ಅಂದೇ ಹೋಗಿ. ಮನೆಯ ಗಂಡಸರೇ, ಹೆತ್ತು ಹೊತ್ತ ಮೈ ಅದು. ಜೊತೆಗೆ ನಡೆಯಿರಿ. ಎಲ್ಲರಿಗೂ ಒಂದೇ ಸಮ ಗುಣವಾಗುತ್ತದೆ ಎಂದು ಯಾರೂ ಮಾತು ಕೊಡಲಾರರು. ಆದರೆ ತೋರಿಸಿಕೊಂಡ ಬಹಳ ಮಂದಿ ಹಗುರಾಗಿದ್ದಾರೆ, ಕೆಲಸಕ್ಕೆ ಮರಳಿದ್ದಾರೆ.

ಮೊದಲ ಪರೀಕ್ಷೆಯಾದ ಆರು ತಿಂಗಳ ನಂತರ ಡಾಕ್ಟರು ರಿಂಗ್ ತೆಗೆದು, ಗಂಟಲಕ್ಕನಿಗೆ ಮುಕ್ಕಲು ಹೇಳಿ ಮತ್ತೆ ಅಳೆದರು. ಮೊದಲ ದಿನ ಗರ್ಭಕೋಶ ಯೋನಿಯ ಬಾಯಿಂದ ಒಂದು ಸೆಂಟಿಮೀಟರ್ ಹೊರಗಿತ್ತು. ಈಗ ಅರ್ಧ ಸೆಂಟಿಮೀಟರ್ ಒಳಗಿದೆ.